ಕೋಟೆ ಬಾಗಿಲಿನಿಂದ ಗರ್ಭಗುಡಿಯವರೆಗೆ: ಹಂಪಿಯ ಹಜಾರ ರಾಮನನ್ನು ನಿಧಾನವಾಗಿ ನೋಡುವ ಬಗೆ

ಹೊಸಪೇಟೆಯಲ್ಲಿ ಆಟೊ ಹತ್ತಿ ‘ಒಂದೇ ದಿನದಲ್ಲಿ ಹಂಪಿ ಪೂರ್ತಿ ತೋರಿಸಿ’ ಎನ್ನುವ ಪ್ರವಾಸಿಗರ ಪಟ್ಟಿಯಲ್ಲಿ ಹಜಾರ ರಾಮ ದೇವಸ್ಥಾನಕ್ಕೆ ಸಿಗುವುದು ಕಾಲು ಗಂಟೆ. ವಿರೂಪಾಕ್ಷನ ದರ್ಶನ, ಉಗ್ರನರಸಿಂಹ, ಕಮಲ ಮಹಲ್, ಆನೆ ಲಾಯ, ವಿಜಯವಿಠ್ಠಲನ ಕಲ್ಲಿನ ರಥ ಇವುಗಳ ನಡುವೆ ಹೊರಗೋಡೆಯ ಮುಂದೆ ಒಂದು ಫೋಟೊ, ಒಳಗಿನ ಕಪ್ಪು ಕಂಬದ ಪಕ್ಕ ಇನ್ನೊಂದು, ಅಷ್ಟಕ್ಕೇ ಮುಗಿಯುತ್ತದೆ. ಗುಡಿ ಗಾತ್ರದಲ್ಲಿ ಸಣ್ಣದು. ಪೂಜೆಯಿಲ್ಲ, ಗರ್ಭಗುಡಿ ಖಾಲಿ. ಆದರೂ ವಿಜಯನಗರದ ಅರಸರು ತಮ್ಮ ಕೋಟೆಯ ನಟ್ಟನಡುವೆ, ಅರಮನೆಗಳಿಗೆ ತಾಗಿದಂತೆ ಕಟ್ಟಿಸಿಕೊಂಡ ಗುಡಿ ಇದು. ಹಂಪಿಯಲ್ಲಿ ಒಂದೇ ಒಂದು ಗುಡಿಯನ್ನು ಸರಿಯಾಗಿ ನೋಡುವಷ್ಟು ಸಮಯವಿದ್ದರೆ ಇದನ್ನೇ ನೋಡಬೇಕು. ಎರಡು ಗಂಟೆಯಾದರೂ ಕೊಡಬೇಕು. ಅದೂ ಕೋಟೆಯ ಬಾಗಿಲಿನಿಂದ ಶುರುಮಾಡಿ.

ಹೊಸಪೇಟೆಯಿಂದ ಹಂಪಿಗೆ ಎರಡು ದಾರಿ. ಕಡ್ಡಿರಾಂಪುರದ ಮೇಲಿನ ದಾರಿ ನೇರ ವಿರೂಪಾಕ್ಷ ದೇವಸ್ಥಾನದ ಕಡೆಗೆ ಒಯ್ಯುತ್ತದೆ. ಕಮಲಾಪುರದ ಮೇಲಿನ ದಾರಿ ಅರಮನೆ ಪ್ರದೇಶವನ್ನು ಮುಟ್ಟುತ್ತದೆ. ಹಜಾರ ರಾಮನಿಗಾಗಿ ಹೊರಟವರು ಎರಡನೆಯದನ್ನು ಹಿಡಿಯಬೇಕು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳು ಎರಡೂ ದಾರಿಯಲ್ಲಿ ಓಡುತ್ತವೆ. ಹತ್ತುವ ಮುಂಚೆ ‘ಕಮಲಾಪುರದ ಮೇಲೆ ಹೋಗುತ್ತದೆಯೇ’ ಎಂದು ಕಂಡಕ್ಟರನ್ನು ಕೇಳಿದರೆ ಸಾಕು. ಬೆಂಗಳೂರು, ಮೈಸೂರಿನವರಿಗೆ ಹಂಪಿ ಎಕ್ಸ್‌ಪ್ರೆಸ್ ಅನುಕೂಲ. ರಾತ್ರಿ ಬೆಂಗಳೂರಿನಲ್ಲಿ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಸ್ಟೇಷನ್‌ನಿಂದ ಹೊರಬಿದ್ದು ಒಂದು ಪ್ಲೇಟು ಒಗ್ಗರಣಿ, ಜೊತೆಗೆ ಬಿಸಿ ಮೆಣಸಿನಕಾಯಿ ಬಜ್ಜಿ ತಿಂದು ಹೊರಡುವುದು ಒಳ್ಳೆಯದು. ಕೋಟೆಯೊಳಗೆ ಹೊಕ್ಕ ಮೇಲೆ ಊಟದಂಗಡಿ ಹುಡುಕುವುದು ಕಷ್ಟ.

ಕಮಲಾಪುರದಲ್ಲಿ ಇಳಿದ ತಕ್ಷಣ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಹಲವರು ಇದನ್ನು ಕೊನೆಗೆ ಇಟ್ಟುಕೊಂಡು, ಕಾಲು ಸೋತು, ನೋಡದೆಯೇ ವಾಪಸಾಗುತ್ತಾರೆ. ಅಂಗಳದಲ್ಲಿ ಹಂಪಿಯ ಗುಡ್ಡ, ಹೊಳೆ, ಕೋಟೆ ಗೋಡೆ, ಗುಡಿಗಳನ್ನೆಲ್ಲ ತೋರಿಸುವ ದೊಡ್ಡ ಮಾದರಿ ಇದೆ. ನಡೆದು ನೋಡುವಾಗ ಚೆದುರಿದಂತೆ ಕಾಣುವ ಹಂಪಿ ಒಂದು ಯೋಜಿತ ನಗರವಾಗಿತ್ತು ಎಂಬುದು ಅದರ ಮುಂದೆ ಹತ್ತು ನಿಮಿಷ ನಿಂತರೆ ಮನಸ್ಸಿಗೆ ಹತ್ತುತ್ತದೆ. ಉತ್ತರಕ್ಕೆ ತುಂಗಭದ್ರೆ, ಅದರ ದಂಡೆಗುಂಟ ವಿರೂಪಾಕ್ಷ, ಅಚ್ಯುತರಾಯ, ವಿಠ್ಠಲ ದೇವಸ್ಥಾನಗಳು. ನಡುವೆ ನೀರಾವರಿ ಕಾಲುವೆಯ ಹಸಿರು ಪಟ್ಟಿ. ಅದರ ದಕ್ಷಿಣಕ್ಕೆ ಸುತ್ತುಗೋಡೆಯೊಳಗೆ ಅರಸರ ನೆಲೆ. ಶುಕ್ರವಾರ ವಸ್ತುಸಂಗ್ರಹಾಲಯಕ್ಕೆ ರಜೆ. ಪ್ರವಾಸದ ದಿನ ಗೊತ್ತುಮಾಡುವಾಗ ಇದು ನೆನಪಿರಲಿ.

ಅಲ್ಲಿಂದ ಕಂಪ್ಲಿ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಗಾಣಿಗಿತ್ತಿ ಜಿನಾಲಯ. ಎರಡನೆಯ ಹರಿಹರನ ದಂಡನಾಯಕ ಇರುಗಪ್ಪ 1385ರಲ್ಲಿ ಕುಂಥುನಾಥ ತೀರ್ಥಂಕರನಿಗೆ ಕಟ್ಟಿಸಿದ್ದು. ಮುಂದಿನ ದೀಪಸ್ತಂಭದ ಮೇಲಿನ ಶಾಸನ ಇದನ್ನು ಹೇಳುತ್ತದೆ. ಅದರ ಹತ್ತಿರವೇ ಭೀಮನ ಬಾಗಿಲು. ಜನ ಕಡಿಮೆ ಬರುವ ಈ ಬಾಗಿಲಿನಲ್ಲಿ ನಿಂತರೆ ಕೋಟೆ ಕಟ್ಟಿದವರ ಬುದ್ಧಿ ಅರ್ಥವಾಗುತ್ತದೆ. ದಾರಿ ಎಲ್ಲಿಯೂ ನೇರವಾಗಿ ಒಳಗೆ ಹೋಗುವುದಿಲ್ಲ. ಗೋಡೆಗೆ ಎದುರಾಗಿ ಬಂದು, ತಿರುಗಿ, ಮತ್ತೆ ತಿರುಗಿ ಒಳಗೆ ಸೇರಬೇಕು. ಓಡಿ ಬರುವ ಆನೆ, ಕುದುರೆಯ ರಭಸ ಆ ತಿರುವುಗಳಲ್ಲೇ ಮುರಿಯುತ್ತಿತ್ತು. ಮೇಲಿನಿಂದ ಕಾವಲಿನವರಿಗೆ ಎದುರಾಳಿ ಪಕ್ಕೆ ಕೊಟ್ಟು ನಿಂತಿರುತ್ತಿದ್ದ. ಅಲ್ಲಿರುವ ಭೀಮನ ಕೆತ್ತನೆ ದ್ರೌಪದಿಗಾಗಿ ಸೌಗಂಧಿಕಾ ಪುಷ್ಪ ತಂದ ಕಥೆಯದು. ಬಾಗಿಲಿಗೆ ಆ ಹೆಸರು ಬಂದದ್ದು ಇದರಿಂದಲೇ.

ಗೋಡೆಯನ್ನೂ ಹತ್ತಿರದಿಂದ ನೋಡಬೇಕು. ದೊಡ್ಡ ದೊಡ್ಡ ಗ್ರಾನೈಟ್ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಕಚ್ಚಿಸಿ ಕೂರಿಸಿದ್ದಾರೆ. ಹಿಂದೆ ಮಣ್ಣು, ಕಲ್ಲುಚೂರು ತುಂಬಿದ್ದಾರೆ. ಕೆಲವು ಕಲ್ಲುಗಳ ಅಂಚಿನಲ್ಲಿ ಬೆಣೆ ಹೊಡೆದು ಬಂಡೆ ಸೀಳಿದ ತೂತುಗಳ ಸಾಲು ಈಗಲೂ ಇದೆ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಒಂದರೊಳಗೊಂದು ಏಳು ಸುತ್ತು ಕೋಟೆ ಎಂದು ಬರೆದದ್ದು ಈ ನಗರದ ಬಗ್ಗೆ. ಅಂದಿನ ಪ್ರಜೆಯೊಬ್ಬ ರಾಮಚಂದ್ರನ ಗುಡಿಯ ಮುಂದೆ ನಿಲ್ಲಲು ಎಷ್ಟು ಬಾಗಿಲು, ಎಷ್ಟು ಕಾವಲು ದಾಟಬೇಕಿತ್ತು ಎಂಬ ಅಂದಾಜು ಇಲ್ಲಿ ಸಿಗುತ್ತದೆ.

ಹಜಾರ ರಾಮ ಗುಡಿಗೆ ಟಿಕೆಟ್ ಇಲ್ಲ. ಪಕ್ಕದ ಜನಾನಾ ಆವರಣ, ಅಂದರೆ ಕಮಲ ಮಹಲ್ ಮತ್ತು ಆನೆ ಲಾಯಕ್ಕೆ ಟಿಕೆಟ್ ಉಂಟು. ಅದೇ ಟಿಕೆಟ್ ಅದೇ ದಿನ ವಿಠ್ಠಲ ದೇವಸ್ಥಾನಕ್ಕೂ ನಡೆಯುತ್ತದೆ, ಎಸೆಯಬಾರದು. 15 ವರ್ಷದೊಳಗಿನ ಮಕ್ಕಳಿಗೆ ಉಚಿತ. ಬೆಳಿಗ್ಗೆ ಬೇಗ ಹೋದಷ್ಟೂ ಒಳ್ಳೆಯದು. ಗುಡಿ ಪೂರ್ವಾಭಿಮುಖವಾಗಿದ್ದು ಎಳೆಬಿಸಿಲು ಮುಂಭಾಗದ ಕೆತ್ತನೆಯ ಮೇಲೆ ಓರೆಯಾಗಿ ಬೀಳುತ್ತದೆ. ಉಬ್ಬುಶಿಲ್ಪ ಓದಲು ಓರೆ ಬೆಳಕೇ ಬೇಕು. ನಡುಮಧ್ಯಾಹ್ನದ ಬೆಳಕಿನಲ್ಲಿ ಎಲ್ಲವೂ ಸಪಾಟಾಗಿ ಕಾಣುತ್ತದೆ. ಪಶ್ಚಿಮದ ಗೋಡೆಗೆ ಸಂಜೆಯ ಹೊತ್ತು ಸರಿ.

ಒಳಗೆ ಹೋಗುವ ಆತುರ ಬೇಡ. ಮೊದಲು ಹೊರ ಪ್ರಾಕಾರದ ಗೋಡೆ. ಕೆಳಗಿನಿಂದ ಮೇಲಕ್ಕೆ ಪಟ್ಟಿ ಪಟ್ಟಿಯಾಗಿ ಇಡೀ ಗೋಡೆ ಒಂದು ಮೆರವಣಿಗೆ. ಕೆಳಗಿನ ಪಟ್ಟಿಯಲ್ಲಿ ಆನೆಗಳ ಸಾಲು, ಅದರ ಮೇಲೆ ಲಗಾಮು ಹಿಡಿದು ನಡೆಸಿಕೊಂಡು ಹೋಗುವ ಕುದುರೆಗಳು, ಮೇಲೆ ಸೈನಿಕರು, ಅದರ ಮೇಲೆ ಕುಣಿಯುವ ಹೆಂಗಸರು ಮತ್ತು ವಾದ್ಯದವರು, ತುತ್ತತುದಿಯಲ್ಲಿ ಹಬ್ಬದ ಗದ್ದಲದ ಜನ. ಮಹಾನವಮಿ ಮತ್ತು ವಸಂತೋತ್ಸವದ ಚಿತ್ರಗಳಿವು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಸುಮಾರು 1520ರಲ್ಲಿ ಇಲ್ಲಿದ್ದ ಪೋರ್ಚುಗೀಸ್ ಡೊಮಿಂಗೊ ಪಾಯೆಸ್ ಮಹಾನವಮಿಯನ್ನು ಕಣ್ಣಾರೆ ಕಂಡು ವಿವರವಾಗಿ ಬರೆದ. ಅವನ ಬರಹಕ್ಕೂ ಈ ಗೋಡೆಗೂ ನಡುವೆ ನೂರು ವರ್ಷದ ಅಂತರವಿದ್ದರೂ ಎರಡರಲ್ಲೂ ಅದೇ ಆನೆ, ಕುದುರೆ, ಕುಣಿತ, ಸೇನೆ. ಕುದುರೆಗಳಿಗೆ ಒಂದು ಪಟ್ಟಿಯನ್ನೇ ಮೀಸಲಿಟ್ಟದ್ದೂ ಸುಮ್ಮನೆ ಅಲ್ಲ. ಅರೇಬಿಯಾ, ಪರ್ಷಿಯಾದಿಂದ ಪಶ್ಚಿಮ ಕರಾವಳಿಯ ಬಂದರುಗಳಿಗೆ ಹಡಗಿನಲ್ಲಿ ಬರುತ್ತಿದ್ದ ಕುದುರೆಗಳ ಮೇಲೆ ಈ ಸಾಮ್ರಾಜ್ಯದ ದಂಡಿನ ಬಲ ನಿಂತಿತ್ತು.

ಹೊರಗೋಡೆ ಅರಸನದಾದರೆ ಒಳಗೋಡೆ ರಾಮನದು. ಬಾಗಿಲು ದಾಟಿ ಅಂಗಳಕ್ಕೆ ಕಾಲಿಟ್ಟರೆ ಹೊರಗಿನ ಗದ್ದಲ ನಿಂತು ಕಥೆ ಶುರುವಾಗುತ್ತದೆ. ಮುಖ್ಯ ಗುಡಿಯ ಹೊರಮೈಯಲ್ಲಿ ಮೂರು ಸಾಲಾಗಿ ರಾಮಾಯಣ. ಪ್ರದಕ್ಷಿಣೆಯ ದಿಕ್ಕಿನಲ್ಲಿ ಬಲಕ್ಕೆ ಸುತ್ತುತ್ತ ನೋಡಬೇಕು, ಒಂದು ಸುತ್ತಿಗೆ ಒಂದು ಸಾಲು. ಪೂರ್ತಿ ಕಥೆಗೆ ಮೂರು ಸುತ್ತು. ಭಕ್ತಿಯ ಪ್ರದಕ್ಷಿಣೆ ಮತ್ತು ಕಥೆಯ ಓದು ಎರಡನ್ನೂ ಶಿಲ್ಪಿಗಳು ಒಂದೇ ನಡಿಗೆಯಲ್ಲಿ ಕೂಡಿಸಿಬಿಟ್ಟಿದ್ದಾರೆ. ಅಕ್ಷರ ಬಾರದವರೂ ಇಲ್ಲಿ ರಾಮಾಯಣ ಓದಬಲ್ಲವರಾಗಿದ್ದರು.

ಮಕ್ಕಳಿದ್ದರೆ ಅವರಿಗೆ ಹುಡುಕುವ ಕೆಲಸ ಕೊಡಬೇಕು. ದಶರಥನ ಪುತ್ರಕಾಮೇಷ್ಟಿ ಎಲ್ಲಿದೆ? ಒಂದೇ ಬಾಣಕ್ಕೆ ಏಳು ಸಾಲ ಮರಗಳನ್ನು ರಾಮ ಸೀಳುವುದು ಎಲ್ಲಿ? ಬಾಲವನ್ನೇ ಸುರುಳಿ ಸುತ್ತಿ, ಅದರ ಮೇಲೆ ರಾವಣನ ಎದುರಿಗೆ ಸರಿಸಮ ಕುಳಿತ ಹನುಮಂತ ಎಲ್ಲಿ? ಕೊನೆಯದನ್ನು ಕಂಡ ಮಕ್ಕಳು ಇನ್ನೊಮ್ಮೆ ನೋಡಲು ತಾವಾಗಿಯೇ ಓಡುತ್ತಾರೆ. ಲವಕುಶರ ಕಥೆಯೂ ಈ ಆವರಣದಲ್ಲಿದೆ. ಬದಿಯ ಚಿಕ್ಕ ಅಮ್ಮನವರ ಗುಡಿಯ ಗೋಡೆಯ ಮೇಲೆ ನರಸಿಂಹನ ಪ್ರಸಂಗಗಳಿವೆ. ಮುಖ್ಯ ಗುಡಿ ನೋಡಿ ದಣಿದವರು ಇದನ್ನು ಬಿಟ್ಟು ಹೋಗುವುದೇ ಹೆಚ್ಚು. ಬಿಡಬಾರದು.

ಸಭಾಮಂಟಪದೊಳಗೆ ಕಣ್ಣು ಕತ್ತಲೆಗೆ ಒಗ್ಗಲು ಒಂದು ನಿಮಿಷ ಬೇಕು. ನಡುವೆ ಕನ್ನಡಿಯಂತೆ ಹೊಳಪು ಕೊಟ್ಟ ನಾಲ್ಕು ಕರಿಕಲ್ಲಿನ ಕಂಬ. ಹೊರಗಿನ ಒರಟು ಗ್ರಾನೈಟ್‌ನ ನಡುವೆ ಈ ನಯವಾದ ಕಲ್ಲು ಬೇರೆಯೇ ಲೋಕ. ಕಂಬಗಳ ಮೇಲೆ ವಿಷ್ಣುವಿನ ಅವತಾರಗಳ ಜೊತೆಗೆ ದುರ್ಗೆ, ಸೂರ್ಯರಂಥ ದೇವತೆಗಳೂ ಇದ್ದಾರೆ. ಗರ್ಭಗುಡಿಯಲ್ಲಿ ಪೀಠ ಮಾತ್ರ, ಅದರಲ್ಲಿ ಮೂರು ಕುಳಿ. ರಾಮ, ಲಕ್ಷ್ಮಣ, ಸೀತೆಯರ ಮೂರ್ತಿಗಳು ನಿಂತಿದ್ದ ಜಾಗ ಅದು. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧ ಸೋತ ಮೇಲೆ ನಗರ ಸೂರೆಹೋಯಿತು. ಗೋಡೆಯ ಕಥೆ ಉಳಿಯಿತು, ಪೀಠ ಬರಿದಾಯಿತು. ಗರ್ಭಗುಡಿಯ ಮೇಲಿನ ಶಿಖರ ಇಟ್ಟಿಗೆ ಗಾರೆಯದು, ತಳಭಾಗ ಕಲ್ಲಿನದು. ಹಂಪಿಯ ಅನೇಕ ಗುಡಿಗಳದ್ದೂ ಇದೇ ಕ್ರಮ. ಕಲ್ಲು ಗಟ್ಟಿಯಾಗಿದ್ದೂ ಶಿಖರ ಸವೆದಿರುವುದಕ್ಕೆ ಅದೇ ಕಾರಣ.

ಕಟ್ಟಿಸಿದವನು ಒಂದನೆಯ ದೇವರಾಯ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಮಾತು. ಅವನು ಆಳಿದ್ದು 1406ರಿಂದ 1422. ಗೋಡೆಯ ಶಾಸನವೊಂದು ಪಂಪಾದೇವಿ ದೇವರಾಯನನ್ನು ಕಾಪಾಡುತ್ತಾಳೆ ಎನ್ನುತ್ತದೆ. ರಾಮನ ಗುಡಿಯಲ್ಲಿ ಪಂಪೆಯ ಹೆಸರು! ಬೇರೆ ದೇವರನ್ನು ಪೂಜಿಸುವಾಗಲೂ ಊರ ದೇವತೆಯಾದ ಪಂಪೆಯನ್ನೂ ಅವಳ ಪತಿ ವಿರೂಪಾಕ್ಷನನ್ನೂ ವಿಜಯನಗರದ ಅರಸರು ಕೈಬಿಡಲಿಲ್ಲ. ಅಣ್ಣಲದೇವಿ ಎಂಬ ರಾಣಿಯ ಹೆಸರಿರುವ, ಹಾಳಾದ ಇನ್ನೊಂದು ಶಾಸನವೂ ಇಲ್ಲಿದೆ.

ಗುಡಿಯ ಜಾಗದ ಗುಟ್ಟನ್ನು ಬಿಡಿಸಿದವರು ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್. 1980ರಿಂದ ಅನೇಕ ವರ್ಷ ಹಂಪಿಯನ್ನು ಗಜ ಗಜ ಅಳೆದು ನಕ್ಷೆ ಮಾಡಿದ ತಂಡದ ಮುಂದಾಳುಗಳು ಇವರು. ಅವರ ಪ್ರಕಾರ ಗುಡಿಯಿಂದ ಉತ್ತರಕ್ಕೆ ಗೆರೆ ಎಳೆದರೆ ಅದು ಮತಂಗ ಬೆಟ್ಟದ ತುದಿಯನ್ನು ಮುಟ್ಟುತ್ತದೆ. ಮುಂಭಾಗದಿಂದ ಈಶಾನ್ಯಕ್ಕೆ ನೋಡಿದರೆ ಮಾಲ್ಯವಂತ. ಅರಮನೆ ಪ್ರದೇಶದ ದಾರಿಗಳು ಗುಡಿಯ ಮುಂದೆ ಬಂದು ಕೂಡುತ್ತವೆ. ಗುಡಿಯ ಒಂದು ಮಗ್ಗುಲಿಗೆ ರಾಜಮನೆತನ ವಾಸಿಸುವ ಭಾಗ, ಇನ್ನೊಂದು ಮಗ್ಗುಲಿಗೆ ಮಹಾನವಮಿ ದಿಬ್ಬ, ಸಭಾಮಂಟಪದಂಥ ದರ್ಬಾರಿನ ಭಾಗ. ರಾಮಾಯಣ ಗೊತ್ತಿರುವವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಮತಂಗ ಮುನಿಯ ಶಾಪಕ್ಕೆ ಹೆದರಿ ವಾಲಿ ಕಾಲಿಡದ ಬೆಟ್ಟದಲ್ಲೇ ಸುಗ್ರೀವ ಆಶ್ರಯ ಪಡೆದಿದ್ದ. ಮಾಲ್ಯವಂತದಲ್ಲಿ ರಾಮ ಮಳೆಗಾಲ ಕಳೆದ. ಕಿಷ್ಕಿಂಧೆಯ ನೆಲದ ಮೇಲೆಯೇ ರಾಜಧಾನಿ ಕಟ್ಟಿದವರು ಆ ಬೆಟ್ಟಗಳಿಗೆ ಎದುರಾಗಿ ರಾಮನನ್ನು ಕೂರಿಸಿದರು. ಪೂರ್ವದ ಬಾಗಿಲಲ್ಲಿ ನಿಂತು ಆ ಎರಡು ಬೆಟ್ಟಗಳನ್ನು ಗುರುತಿಸದೆ ಮುಂದೆ ಹೋಗಬಾರದು.

ಇನ್ನೂ ಸಮಯವಿದ್ದರೆ ಗುಡಿಯ ಮುಂದಿನಿಂದ ಹೊರಡುವ ಪಾನಸುಪಾರಿ ಬಜಾರಿನಲ್ಲಿ ಒಂದಿಷ್ಟು ನಡೆಯಬಹುದು. 1426ರಲ್ಲಿ ಎರಡನೆಯ ದೇವರಾಯ ಪಾರ್ಶ್ವನಾಥ ಬಸದಿ ಕಟ್ಟಿಸಿದ್ದು ಈ ಬೀದಿಯಲ್ಲಿ. ಅರಸರ ರಾಮಗುಡಿಯಿಂದ ಕೂಗಳತೆಯಲ್ಲಿ ಜೈನರ ಬಸದಿ! ಮಹಾನವಮಿ ದಿಬ್ಬ ಮತ್ತು 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲು ಪುಷ್ಕರಣಿ ಹತ್ತಿರದಲ್ಲೇ ಇವೆ. ಪುಷ್ಕರಣಿಯ ಕಲ್ಲುಗಳ ಮೇಲೆ ಯಾವ ಕಲ್ಲು ಎಲ್ಲಿ ಕೂರಬೇಕು ಎಂದು ಕೆಲಸದವರು ಹಾಕಿಕೊಂಡ ಗುರುತುಗಳನ್ನು ಹುಡುಕಬೇಕು. ಪ್ರಸನ್ನ ವಿರೂಪಾಕ್ಷ, ಅಂದರೆ ನೆಲದಡಿಯ ಶಿವಾಲಯದಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ.

ವಯಸ್ಸಾದವರನ್ನು ಕರೆತರುವವರಿಗೆ ಒಂದು ಸಮಾಧಾನದ ಮಾತು. ಹಂಪಿ ಎಂದರೆ ಬೆಟ್ಟ ಹತ್ತುವುದು ಎಂದು ಹಿಂಜರಿಯುವ ಅಜ್ಜ ಅಜ್ಜಿಯರಿಗೆ ಹಜಾರ ರಾಮ ಸುಲಭ. ರಸ್ತೆ ಹತ್ತಿರ, ನೆಲ ಹೆಚ್ಚೂಕಡಿಮೆ ಸಮ. ಮಹಾನವಮಿ ದಿಬ್ಬದ ಮೆಟ್ಟಿಲು ಮಾತ್ರ ಕಡಿದು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದುಂಟು. ಬಂಡೆ ಕಾದು ರಾತ್ರಿಯವರೆಗೂ ಝಳ ಬಿಡುತ್ತದೆ. ನವೆಂಬರ್‌ನಿಂದ ಫೆಬ್ರವರಿ ಹಿತ. ಪೂಜೆಯಿಲ್ಲದಿದ್ದರೂ ಮಂಟಪದೊಳಗೆ ಚಪ್ಪಲಿ ಬಿಟ್ಟು ಹೋಗುವವರು ಇದ್ದಾರೆ. ಹಾಗೆ ಮಾಡುವುದಾದರೆ ಜೊತೆಗೆ ಕಾಲುಚೀಲ ಇರಲಿ. ನೀರು, ಟೋಪಿ ಕಡ್ಡಾಯ. ಕತ್ತಲೆಯ ಮೂಲೆಗಳಿಗೆ ಸಣ್ಣ ಟಾರ್ಚ್ ಇದ್ದರೆ ಇನ್ನೂ ಒಳ್ಳೆಯದು. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವ ಗೈಡ್‌ಗಳು ಸಿಗುತ್ತಾರೆ. ‘ಹಜಾರ ರಾಮ ಒಂದನ್ನೇ ವಿವರವಾಗಿ ತೋರಿಸಿ’ ಎಂದು ಮೊದಲೇ ಮಾತಾಡಿಕೊಂಡರೆ ಇಬ್ಬರಿಗೂ ಹಿತ.

ಕೆತ್ತನೆಯನ್ನು ಮುಟ್ಟಬಾರದು, ಕಂಬಕ್ಕೆ ಒರಗಬಾರದು. 2019ರ ಫೆಬ್ರವರಿಯಲ್ಲಿ, ಇಲ್ಲಿಂದ ದೂರವಲ್ಲದ ಆನೆ ಲಾಯದ ಹಿಂದಿನ ವಿಷ್ಣು ಗುಡಿಯಲ್ಲಿ ನಾಲ್ವರು ಯುವಕರು ಕಂಬಗಳನ್ನು ತಳ್ಳಿ ಬೀಳಿಸಿದ ವಿಡಿಯೊ ಎಲ್ಲೆಡೆ ಹರಡಿತ್ತು. ನ್ಯಾಯಾಲಯ ಒಬ್ಬೊಬ್ಬರಿಗೆ 70,000 ರೂಪಾಯಿ ದಂಡ ವಿಧಿಸಿ, ಕಂಬಗಳನ್ನು ಅವರ ಕೈಯಿಂದಲೇ ಮತ್ತೆ ನಿಲ್ಲಿಸಿತು. ನೂರಾರು ವರ್ಷ ಬಿಸಿಲು, ಮಳೆ, ದಂಡಯಾತ್ರೆಗಳನ್ನು ತಾಳಿದ ಕಲ್ಲು ಅರ್ಧ ನಿಮಿಷದ ಹುಡುಗಾಟಕ್ಕೆ ಉರುಳಿದ್ದು ಹಂಪಿಯನ್ನು ಪ್ರೀತಿಸುವವರಿಗೆಲ್ಲ ನೋವು ಕೊಟ್ಟಿತು. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿ, 2006ರಲ್ಲಿ ಅದರಿಂದ ಹೊರಬಂತು.

ಖಾಲಿ ಪೀಠ ನೋಡಿ ಮನಸ್ಸು ಭಾರವಾದವರು ಸಂಜೆಗೆ ಮಾಲ್ಯವಂತ ರಘುನಾಥನ ಬೆಟ್ಟಕ್ಕೆ ಹೋಗಬೇಕು. ಕಮಲಾಪುರದಿಂದ ಕಂಪ್ಲಿ ರಸ್ತೆಯಲ್ಲಿ ಎಡಕ್ಕೆ ತಿರುಗಿದರೆ ವಾಹನ ಮೇಲಿನವರೆಗೂ ಹೋಗುತ್ತದೆ. ಇದೂ ರಾಮನ ಗುಡಿಯೇ, ಎತ್ತರದ ಪ್ರಾಕಾರದೊಳಗೇ ಇದೆ. ಆದರೆ ಇಲ್ಲಿ ದೀಪ ಆರಿಲ್ಲ. ಪೂಜೆ ನಡೆಯುತ್ತದೆ, ಸಾಧುಗಳು ಹಗಲು ರಾತ್ರಿ ರಾಮಾಯಣ ಪಾರಾಯಣ ಮಾಡುತ್ತಾರೆ. ಗರ್ಭಗುಡಿ ಒಂದು ದೊಡ್ಡ ಬಂಡೆಗೆ ಸೇರಿಕೊಂಡಿದ್ದು, ಆ ಬಂಡೆ ಚಾವಣಿ ದಾಟಿ ಮೇಲೆದ್ದಿದೆ. ಅದರ ತಲೆಯ ಮೇಲೆ ಶಿಖರ. ಇಲ್ಲಿ ನಡೆನುಡಿ ಪೂಜೆಯಿರುವ ಗುಡಿಯದು. ಚಪ್ಪಲಿ ಹೊರಗೆ, ಉಡುಪು ಮೈಮುಚ್ಚುವಂಥದ್ದು, ಪಾರಾಯಣದ ಬಳಿ ಮಾತು ಕಡಿಮೆ, ಫೋಟೊಗೆ ಮೊದಲು ಅರ್ಚಕರನ್ನು ಒಂದು ಮಾತು ಕೇಳುವುದು. ಕೈಯಲ್ಲಿ ಬಾಳೆಹಣ್ಣಿದ್ದರೆ ಕೋತಿಗಳು ಬಿಡುವುದಿಲ್ಲ.

ಎರಡನೆಯ ದಿನವಿದ್ದರೆ ಅದೇ ರಸ್ತೆಯಲ್ಲಿ ಮುಂದೆ ಕಂಪ್ಲಿ. ಹೊಸಪೇಟೆಯಿಂದ ಸುಮಾರು 30 ಕಿ.ಮೀ. ದಾರಿಯುದ್ದಕ್ಕೂ ಬಾಳೆ, ಕಬ್ಬು, ಭತ್ತ. ಈಗ ಕಂಪ್ಲಿ ಬಳ್ಳಾರಿ ಜಿಲ್ಲೆಯ ತಾಲ್ಲೂಕು ಕೇಂದ್ರ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಅತ್ತ ಹೋದವು, ಕಂಪ್ಲಿ ಮತ್ತು ಸಂಡೂರು ಇತ್ತ ಉಳಿದವು. ಹಂಪಿ ರಾಜಧಾನಿಯಾಗುವ ಮೊದಲೇ ಕಂಪ್ಲಿ ರಾಜರ ಊರು. ಇಲ್ಲಿದ್ದ ಚಾಲುಕ್ಯರ ಅರಮನೆಯನ್ನು ಕೆಡವಿದ್ದಾಗಿ ಚೋಳರ ಶಾಸನಗಳು ಹೇಳಿಕೊಂಡಿವೆ. ಮುಂದೆ ಕಂಪಿಲರಾಯ ಮತ್ತು ಅವನ ಮಗ ಗಂಡುಗಲಿ ಕುಮಾರರಾಮ. ದೆಹಲಿಯ ಮಹಮ್ಮದ್ ಬಿನ್ ತುಘಲಕ್‌ನಿಂದ ತಪ್ಪಿಸಿಕೊಂಡು ಬಂದ ಬಹಾವುದ್ದೀನನಿಗೆ ಆಶ್ರಯ ಕೊಟ್ಟ ತಪ್ಪಿಗೆ ಕಂಪಿಲರಾಯ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ. ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತನೂ ಇದನ್ನು ದಾಖಲಿಸಿದ್ದಾನೆ. ಶರಣು ಬಂದವನನ್ನು ಬಿಟ್ಟುಕೊಡದ ಆ ಛಲ ಈ ಭಾಗದ ಜನಪದರ ಬಾಯಲ್ಲಿ ಇವತ್ತಿಗೂ ಇದೆ.

ಹೊಳೆ ದಂಡೆಯ ಹಳೆಯ ಭಾಗವನ್ನು ಊರಿನವರು ಕಂಪ್ಲಿ ಕೋಟೆ ಎಂದೇ ಕರೆಯುತ್ತಾರೆ. ಪಂಪಾಪತಿಯ ಗುಡಿ ಇರುವುದು ಇಲ್ಲಿ. ಹಂಪಿಯ ಹಾಗೆ ಕಾವಲು, ಫಲಕ, ಗೈಡ್ ಯಾವುದೂ ಇಲ್ಲದ, ಮನೆಗಳ ನಡುವೆ ಬದುಕುತ್ತಿರುವ ಕೋಟೆ ಇದು. ಜಗುಲಿಯ ಮೇಲೆ ಕುಳಿತ ಹಿರಿಯರನ್ನು ‘ಅಜ್ಜಾರ, ಗುಡಿಗೆ ಯಾವ ಕಡೆ ಹೋಗ್ಬೇಕ್ರಿ?’ ಎಂದು ಕೇಳಿದರೆ ದಾರಿಯ ಜೊತೆಗೆ ಕುಮಾರರಾಮನ ಕಥೆಯೂ ಸಿಕ್ಕೀತು. ಮಳೆಗಾಲದಲ್ಲಿ ಹೋಗುವವರು ಮಾತ್ರ ಒಂದು ವಿಷಯ ವಿಚಾರಿಸಿಕೊಳ್ಳಬೇಕು. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕೋಟೆ ಭಾಗಕ್ಕೆ ನೀರು ನುಗ್ಗುತ್ತದೆ. ಗಂಗಾವತಿ ಕಡೆಯ ಸೇತುವೆಯ ಮೇಲೆ ಸಂಚಾರ ನಿಲ್ಲಿಸುತ್ತಾರೆ. ಹಂಪಿಯ ಪುರಂದರ ಮಂಟಪ ಮುಳುಗಿದೆ ಎಂಬ ಸುದ್ದಿ ಬಂದರೆ ಕಂಪ್ಲಿಯಲ್ಲೂ ಹೊಳೆ ಏರಿದೆ ಎಂದೇ ತಿಳಿಯಬೇಕು.

ಸಂಡೂರು ಬೇರೆ ದಿಕ್ಕು, ಹೊಸಪೇಟೆಯಿಂದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ಇಲ್ಲಿ ಕೃಷ್ಣಾನಗರದ ಕೋಟೆ ಘೋರ್ಪಡೆ ಮನೆತನದ ಕಾಲದ ನೆನಪು. ಸ್ವಾಮಿಮಲೆಯ ಕುಮಾರಸ್ವಾಮಿ ಮತ್ತು ಪಾರ್ವತಿ ಗುಡಿಗಳಿಗೆ ಕಟ್ಟಿದ ಕೋಟೆ ಬೇಕಿರಲಿಲ್ಲ, ಸುತ್ತಲಿನ ಬೆಟ್ಟಗಳೇ ಕಾವಲು. ವಿಜಯನಗರಕ್ಕಿಂತ ಹಲವು ಶತಮಾನ ಹಳೆಯವು ಇವು. 1932ರಲ್ಲಿ ಸಂಡೂರಿನ ಅರಸ ಯಶವಂತರಾವ್ ಘೋರ್ಪಡೆ ಕುಮಾರಸ್ವಾಮಿ ಗುಡಿಯ ಬಾಗಿಲನ್ನು ದಲಿತರಿಗೆ ತೆರೆದರು. ದೇಶಕ್ಕೆಲ್ಲ ಹೆಸರಾದ ತಿರುವಾಂಕೂರಿನ ಘೋಷಣೆ ಬಂದದ್ದು ಇದಾದ ನಾಲ್ಕು ವರ್ಷಕ್ಕೆ, 1936ರಲ್ಲಿ. ಇಷ್ಟು ದೊಡ್ಡ ಸಂಗತಿಯನ್ನು ನಮ್ಮ ಪ್ರವಾಸಿ ಕೈಪಿಡಿಗಳು ಇನ್ನೂ ಎತ್ತಿ ಹೇಳಬೇಕು.

ಸಂಡೂರಿಗೆ ಮಳೆಗಾಲ ಮತ್ತು ಅದರ ಬೆನ್ನಿಗೆ ಬರುವ ತಿಂಗಳುಗಳು ಚೆಂದ, ಗುಡ್ಡಗಳೆಲ್ಲ ಹಸಿರು. ಅದಿರು ಲಾರಿಗಳ ಓಡಾಟ ಇರುವುದರಿಂದ ಬೆಟ್ಟದ ದಾರಿಯಲ್ಲಿ ಬೈಕಿನವರು ಎಚ್ಚರದಿಂದ ಹೋಗಬೇಕು, ಕತ್ತಲಾಗುವ ಮೊದಲೇ ಕೆಳಗಿಳಿಯಬೇಕು. ಇಳಿದ ಮೇಲೆ ಊರಿನ ಕುಶಲಕಲಾ ಕೇಂದ್ರದಲ್ಲಿ ಲಂಬಾಣಿ ಹೆಣ್ಣುಮಕ್ಕಳ ಕಸೂತಿ ನೋಡಬಹುದು, ಕೊಳ್ಳಲೂಬಹುದು. ಅಲ್ಲಿಂದ ಹೊಸಪೇಟೆಗೆ ಬಸ್ಸಿದೆ. ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಹಿಡಿಯುವವರು ಸಂಜೆಯೇ ಸಂಡೂರು ಬಿಟ್ಟರೆ ಊಟ ಮುಗಿಸಿ ಸ್ಟೇಷನ್ ಸೇರಲು ಅವಸರವಾಗುವುದಿಲ್ಲ.